ಡೈರಿಗೆ ಹೋಗೋ ಮೊದಲು ನನ್ನ ಪಾಲು

ಚಿಂತಾಮಣಿ ಕಡೆ ಯಾವ ಹಳ್ಳಿಗೆ ಹೋದರೂ ಬೆಳಿಗ್ಗೆ ಡೈರಿ ಮುಂದೆ ಕ್ಯಾನು ಹಿಡಿದು ನಿಂತಿರೋರಲ್ಲಿ ಹೆಂಗಸರೇ ಜಾಸ್ತಿ. ಮೇವು ತರೋದು, ಸಗಣಿ ಬಾಚೋದು, ಹಾಲು ಕರೆಯೋದು ಎಲ್ಲ ನಮ್ಮದೇ. ಕುಡಿಯೋ ಲೆಕ್ಕ ಮಾತ್ರ ಬೇರೆ. ನಮ್ಮ ಮನೆಯಲ್ಲಿ ಮಕ್ಕಳಿಗೆ ಒಂದೊಂದು ಲೋಟ, ಮಾವನವರಿಗೆ ರಾತ್ರಿ ಒಂದು ಲೋಟ, ಎಲ್ಲರಿಗೂ ಟೀ. ಮಿಕ್ಕಿದ್ದು ಡೈರಿಗೆ. ಕರೆದವಳಿಗೆ ಟೀಗೆ ಬಿದ್ದ ಚೂರು ಹಾಲೇ ಗತಿ.

ಕೋಲಾರ ಅಂದರೆ ಚಿನ್ನ, ರೇಷ್ಮೆ, ಹಾಲು ಅಂತ ಹಿಂದೆ ಹೇಳುತ್ತಿದ್ದರು. 2007ರಲ್ಲಿ ನಮ್ಮ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಯಿತು. ಮುಚ್ಚಿದ ಚಿನ್ನದ ಗಣಿ ಕೋಲಾರದವರಿಗೆ ಉಳಿಯಿತು, ರೇಷ್ಮೆ, ಹಾಲು ಎರಡೂ ಕಡೆಗೂ ಬಂತು. ಇಂಥ ಹಾಲಿನ ನಾಡಲ್ಲಿದ್ದುಕೊಂಡು ನನಗೆ ನಲವತ್ತು ದಾಟುತ್ತಿದ್ದ ಹಾಗೆ ಮಂಡಿ ಹಿಡಿಯೋಕೆ ಶುರುವಾಯಿತು. ಹಾಲು ಕರೆಯೋಕೆ ಕುಕ್ಕರಗಾಲಲ್ಲಿ ಕೂತರೆ ಏಳೋಕೆ ಗೋಡೆ ಬೇಕು. ಮಧ್ಯಾಹ್ನ ಮೂರಕ್ಕೆಲ್ಲ ಕಣ್ಣು ಕತ್ತಲೆ.

ಡಾಕ್ಟರಮ್ಮ ಕೇಳಿದ ಮೊದಲ ಪ್ರಶ್ನೆ, "ಹಾಲು ಕುಡೀತೀರಾ?"

"ಮನೇಲಿ ಎರಡು ಹಸು ಇದೆ ಮೇಡಂ."

"ಹಸು ಇದೆಯಾ ಅಂತ ಕೇಳಲಿಲ್ಲಮ್ಮ."

ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ ಒಂಬತ್ತರ ಆಸುಪಾಸು. ಹೆಂಗಸರಿಗೆ 12 ಇರಬೇಕು. ನಾನೊಬ್ಬಳೇ ಅಲ್ಲ ಬಿಡಿ. 2019-21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 47.8 ಮಂದಿಗೆ ರಕ್ತಹೀನತೆ ಇತ್ತು.

ಅದೇ ಸಮಯಕ್ಕೆ ನಮ್ಮ ದೊಡ್ಡ ಹಸು ಕರು ಹಾಕಿತು. ಮಾರನೇ ದಿನ ಕೊಟ್ಟಿಗೆಯಲ್ಲಿ ಬಿದ್ದಿದೆ, ಏಳುತ್ತಿಲ್ಲ. ಕತ್ತು ಹೊಟ್ಟೆ ಕಡೆ ತಿರುಗಿಸಿಕೊಂಡು ಮಲಗಿತ್ತು. ಕಿವಿ ಮುಟ್ಟಿದರೆ ತಣ್ಣಗೆ. ಪಶುವೈದ್ಯರು ಬಂದು ಕತ್ತಿನ ನರಕ್ಕೆ ಸೂಜಿ ಚುಚ್ಚಿ ಕ್ಯಾಲ್ಸಿಯಂ ಬಾಟಲಿ ಏರಿಸಿದರು. ನಿಧಾನಕ್ಕೆ ಏರಿಸಬೇಕು, ಇಲ್ಲದಿದ್ದರೆ ಹೃದಯಕ್ಕೆ ತೊಂದರೆ ಅಂತ ಎದೆ ಬಡಿತ ನೋಡಿಕೊಂಡೇ ಕೂತಿದ್ದರು. ಬಾಟಲಿ ಮುಗಿದು ಸ್ವಲ್ಪ ಹೊತ್ತಿಗೆ ಹಸು ಒದರಿಕೊಂಡು ಎದ್ದು ನಿಂತಿತು. ಹಾಲು ಇಳಿಯೋ ಭರಕ್ಕೆ ರಕ್ತದಲ್ಲಿನ ಕ್ಯಾಲ್ಸಿಯಂ ಎಲ್ಲ ಕೆಚ್ಚಲಿಗೆ ಹೋಗಿಬಿಡುತ್ತದೆ, ಅದಕ್ಕೇ ಹೀಗಾಗೋದು ಅಂದರು. ಹಸುಗೆ ದಿನಾ ಬೂಸಾ ಜೊತೆ ಮಿನರಲ್ ಮಿಕ್ಸ್ಚರ್ ಹಾಕುತ್ತೇನೆ. ಅದು ತಪ್ಪಿದರೆ ನಮ್ಮನೆಯವರು ಬೈಯುತ್ತಾರೆ. ಎರಡು ಮಕ್ಕಳನ್ನು ಹೆತ್ತು ಹಾಲೂಡಿಸಿದ ನನಗೆ ಏನು ಹಾಕಿದ್ದೀರಿ ಅಂತ ಅವತ್ತು ಕೇಳಿಯೇಬಿಟ್ಟೆ. ಅವರು ನಕ್ಕರು. ಆದರೆ ಯೋಚನೆ ಮಾಡಿದರು ಅನ್ನೋದು ಆಮೇಲೆ ಗೊತ್ತಾಯಿತು.

ಲೆಕ್ಕ ಹಾಕಿ ನೋಡಿದೆ. ದೊಡ್ಡ ಹೆಂಗಸಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು ಅನ್ನುತ್ತದೆ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆ. ಅವರ ತಟ್ಟೆಯ ಲೆಕ್ಕದಲ್ಲಿ ಹಾಲು ಅಥವಾ ಮೊಸರು ದಿನಕ್ಕೆ 300 ಮಿಲಿ. ಹಸುವಿನ ಹಾಲು 100 ಮಿಲಿಗೆ ಸುಮಾರು 120 ಮಿಲಿಗ್ರಾಂ ಕ್ಯಾಲ್ಸಿಯಂ ಕೊಡುತ್ತದೆ. ಅಂದರೆ 300 ಮಿಲಿಗೆ 360. ಜೊತೆಗೆ ಒಂಬತ್ತು ಗ್ರಾಂ ಪ್ರೋಟೀನ್. ನಮ್ಮ ರಾಗಿಯಲ್ಲಿ 100 ಗ್ರಾಂಗೆ 350 ಮಿಲಿಗ್ರಾಂ ಮೇಲೇ ಇದೆ. ಎರಡು ಹೊತ್ತು ಮುದ್ದೆ, ಜೊತೆಗೆ ಹಾಲು-ಮೊಸರು ಅಂದರೆ ಹೆಚ್ಚುಕಡಿಮೆ ಲೆಕ್ಕ ಸರಿಹೋಗುತ್ತದೆ. ರಾಗಿಯದು ಅಷ್ಟೂ ಮೈಗೆ ಹತ್ತೋದಿಲ್ಲ, ಮೊಳಕೆ ಕಟ್ಟಿ ಹಿಟ್ಟು ಮಾಡಿದರೆ ಇನ್ನಷ್ಟು ಹತ್ತುತ್ತದೆ. ಆದರೆ ಈಗ ರಾತ್ರಿ ಮುದ್ದೆ ಹೋಗಿ ಅನ್ನ ಬಂದಿದೆ. ಹಾಲು ಡೈರಿಗೆ ಹೋಗುತ್ತದೆ. ಹೀಗಾದರೆ ಎಲ್ಲಿಂದ ಬರಬೇಕು ಹೇಳಿ?

ಇನ್ನು ನಾನು ಮಾಡಿದ್ದು. ಡೈರಿಯಿಂದ ಬಂದ ಮೇಲೆ ಉಳಿದರೆ ಕುಡಿಯೋಣ ಅಂದುಕೊಂಡರೆ ಯಾವತ್ತೂ ಉಳಿಯೋದಿಲ್ಲ. ಅದಕ್ಕೇ ಕ್ಯಾನಿಗೆ ಸುರಿಯೋ ಮೊದಲೇ ತೆಗೆದಿಡುತ್ತೇನೆ. ಮೊದಲ ನಾಲ್ಕೈದು ಹಿಂಡಿನ ಹಾಲು ಚೆಲ್ಲುತ್ತೇನೆ, ಮೊಲೆತೊಟ್ಟಿನ ಕೊಳೆ ಅದರಲ್ಲೇ ಇರೋದು. ಆಮೇಲೆ ಬರೋ ಹಾಲು ಒಂದು ದೊಡ್ಡ ಲೋಟದಷ್ಟು ನನ್ನ ಪಾತ್ರೆಗೆ. ಇದರಲ್ಲಿ ಒಂದು ಒಳಗುಟ್ಟಿದೆ. ಶುರುವಿನ ಹಾಲಲ್ಲಿ ಜಿಡ್ಡು ಕಡಿಮೆ, ಕೊನೆಯಲ್ಲಿ ಹಿಂಡಿದ್ದರಲ್ಲಿ ಜಾಸ್ತಿ. ಕ್ಯಾಲ್ಸಿಯಂ ಎರಡರಲ್ಲೂ ಅಷ್ಟೇ. ಡೈರಿಯವರು ದುಡ್ಡು ಕೊಡೋದು ಫ್ಯಾಟು, ಎಸ್‌ಎನ್‌ಎಫ್ (ಜಿಡ್ಡು ಬಿಟ್ಟು ಹಾಲಲ್ಲಿರೋ ಗಟ್ಟಿ ಅಂಶ) ನೋಡಿ. ಹಾಗಾಗಿ ಫ್ಯಾಟು ಇಳಿಯೋದಿಲ್ಲ, ತೂಕ ಇಳಿಸಬೇಕಾದ ನನಗೂ ಜಿಡ್ಡು ಕಡಿಮೆ ಹಾಲು ಸಿಗುತ್ತದೆ. ನೀರು ಬೆರೆಸೋರ ಜಾಣತನಕ್ಕಿಂತ ಇದು ಮೇಲಲ್ವಾ?

ಲೀಟರಿಗೆ ಮೂವತ್ತೈದು ರೂಪಾಯಿ ಅಂತ ಇಟ್ಟುಕೊಂಡರೆ 300 ಮಿಲಿಗೆ ಹತ್ತೂವರೆ ರೂಪಾಯಿ. ತಿಂಗಳಿಗೆ ಮುನ್ನೂರರ ಮೇಲೆ ಹದಿನೈದು. ಬಟವಾಡೆಯಲ್ಲಿ ಅಷ್ಟು ಕಡಿಮೆ ಬಂದಾಗ ನಮ್ಮನೆಯವರು ಚೀಟಿ ತಿರುಗಿಸಿ ನೋಡಿದರು, ಏನೂ ಅನ್ನಲಿಲ್ಲ. ಅಂದಿದ್ದು ನಮ್ಮ ಅತ್ತೆ.

"ಅಷ್ಟು ಹಾಲು ಯಾಕಮ್ಮ, ಒಂದು ಚಮಚ ತುಪ್ಪ ತಿಂದರೆ ಸಾಲದಾ? ಹಾಲಿನ ಸಾರವೆಲ್ಲ ಅದರಲ್ಲೇ ಇರೋದು."

"ಅತ್ತೆ, ತುಪ್ಪದಲ್ಲಿ ಜಿಡ್ಡು ಮಾತ್ರ. ಸುಣ್ಣದಂಶ ಮಜ್ಜಿಗೆಯಲ್ಲೇ ಉಳಿಯುತ್ತೆ."

ಅವರು ನಂಬಲಿಲ್ಲ. ಆದರೆ ಈಗ ಅವರೂ ಮಧ್ಯಾಹ್ನ ಮಜ್ಜಿಗೆ ಕೇಳುತ್ತಾರೆ. ಮುಟ್ಟು ನಿಂತ ಮೇಲೆ ಮೂಳೆ ಸವೆಯೋದು ಜೋರಾಗುತ್ತದಂತೆ, ಹಾಗೆ ನೋಡಿದರೆ ನನಗಿಂತ ಅವರಿಗೇ ಇದು ಹೆಚ್ಚು ಬೇಕು.

ಹಾಲನ್ನು ಹಾಲಾಗೇ ಕುಡಿದರೆ ನನಗೆ ಹೊಟ್ಟೆ ಉಬ್ಬರ. ದೊಡ್ಡವರಾದ ಮೇಲೆ ಹಾಲಿನ ಸಕ್ಕರೆ ಅರಗದವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಹೆಪ್ಪು ಹಾಕಿದರೆ ಆ ಸಕ್ಕರೆ ಸ್ವಲ್ಪ ಕರಗಿ ಹುಳಿಯಾಗುತ್ತದೆ, ಹೊಟ್ಟೆಗೆ ಹಗುರ. ಹಾಗಾಗಿ ನನ್ನ ಪಾಲೆಲ್ಲ ಮೊಸರು. ಬೆಳಿಗ್ಗೆ ಅಂಬಲಿಗೆ ಅರ್ಧ, ಮಧ್ಯಾಹ್ನ ಮಜ್ಜಿಗೆಗೆ ಅರ್ಧ. ಮಜ್ಜಿಗೆಗೆ ಸುಮ್ನೆ ಬಿಂದಿಗೆಗಟ್ಟಲೆ ನೀರು ಸುರಿದು ಕುಡಿದೆ ಅನ್ನಬೇಡಿ, ಅದರಲ್ಲಿ ಮೊಸರು ಎಷ್ಟಿತ್ತು ಅನ್ನೋದೇ ಲೆಕ್ಕ. ಹಾಲು ಕಾಯಿಸಿಯೇ ಹೆಪ್ಪು ಹಾಕಬೇಕು. ನೊರೆಹಾಲು ಹಸಿಯಾಗಿ ಕುಡಿಯೋ ಚಾಳಿ ಇರೋರು ಬಿಡಿ. ಕಂದು ಹಾಕಿದ, ಅಂದರೆ ದಿನ ತುಂಬೋ ಮೊದಲೇ ಗಬ್ಬ ಕಳೆದುಕೊಂಡ ಹಸುವಿನಿಂದ ಜ್ವರ, ಕೀಲುನೋವು ಹತ್ತುವ ರೋಗ ಹಸಿ ಹಾಲಲ್ಲೂ ಬರುತ್ತದೆ, ಮಾಸು ಬರಿಗೈಯಲ್ಲಿ ಎತ್ತಿದರೂ ಬರುತ್ತದೆ.

ಹಾಲಿನಿಂದ ರಕ್ತ ಏರೋದಿಲ್ಲ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಹಾಲಲ್ಲಿ ಕಬ್ಬಿಣದಂಶ ಇಲ್ಲ ಅನ್ನುವಷ್ಟು ಕಡಿಮೆ. ಅದಕ್ಕೆ ಡಾಕ್ಟರಮ್ಮ ಮಾತ್ರೆ ಕೊಟ್ಟರು. ಕಬ್ಬಿಣದ ಮಾತ್ರೆಯನ್ನು ಹಾಲು, ಟೀ, ಕ್ಯಾಲ್ಸಿಯಂ ಮಾತ್ರೆ ಯಾವುದರ ಜೊತೆಗೂ ನುಂಗಬಾರದು, ಒಂದು ಇನ್ನೊಂದನ್ನು ತಡೆಯುತ್ತದೆ. ನಾನು ನಿಂಬೆಹಣ್ಣಿನ ಪಾನಕದ ಜೊತೆ ತೆಗೆದುಕೊಳ್ಳುತ್ತಿದ್ದೆ. ಕಷ್ಟ ಆಗಿದ್ದು ಊಟ ಆದ ಕೂಡಲೇ ಕುಡಿಯೋ ಟೀ ಬಿಡೋದು. ಬಸ್ಸಾರು, ನುಗ್ಗೆಸೊಪ್ಪು, ಹುರುಳಿಕಾಳು ಏನು ತಿಂದರೂ ಮೇಲೊಂದು ಟೀ ಕುಡಿದರೆ ಅದರ ಕಬ್ಬಿಣ ಮೈಗೆ ಹತ್ತೋದು ಬಹಳ ಕಡಿಮೆಯಾಗುತ್ತದೆ. ಈಗ ಟೀ ಒಂದು ಗಂಟೆ ತಡ. ಆ ಒಂದು ಗಂಟೆ ತಲೆ ಸಿಡಿಯುತ್ತಿತ್ತು, ಆಮೇಲೆ ರೂಢಿಯಾಯಿತು.

ನಮ್ಮ ಜಿಲ್ಲೆಗಳಲ್ಲಿ ನೀರಿನ ವಿಷಯ ಬಿಟ್ಟು ಮೂಳೆ ಮಾತಾಡೋಕಾಗಲ್ಲ. ಬೋರ್‌ವೆಲ್ ಆಳಕ್ಕೆ ಹೋದಷ್ಟೂ ಫ್ಲೋರೈಡ್. ಲೀಟರಿಗೆ 1.5 ಮಿಲಿಗ್ರಾಂ ಮೇಲಿದ್ದರೆ ಹಲ್ಲು ಕಂದುತ್ತದೆ, ಇನ್ನೂ ಜಾಸ್ತಿಯಾದರೆ ಕೀಲು, ಬೆನ್ನು ಬಿಗಿಯುತ್ತದೆ. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಇರೋರಿಗೆ ಇದರ ಏಟು ಜಾಸ್ತಿ. ಶುದ್ಧ ನೀರಿನ ಘಟಕದ ಕ್ಯಾನ್ ನೀರು ಎಲ್ಲರೂ ಕುಡಿಯುತ್ತೇವೆ, ಸಾರಿಗೆ, ಮುದ್ದೆಗೆ ಮಾತ್ರ ನಲ್ಲಿ ನೀರೇ. ನಾನು ಅಡುಗೆಗೂ ಅದೇ ಕ್ಯಾನ್ ನೀರು ಹಾಕತೊಡಗಿದೆ.

ಏನಾಯಿತು ಅಂತ ಕೇಳಿದರೆ, ಮಧ್ಯಾಹ್ನದ ಸುಸ್ತು ಹೋಯಿತು, ಅದು ಬಹುಪಾಲು ಕಬ್ಬಿಣದ ಮಾತ್ರೆಯದು ಅಂತಲೇ ನನ್ನ ಲೆಕ್ಕ. ಮಂಡಿ ಇನ್ನೂ ನೋಯುತ್ತದೆ, ಸವೆದದ್ದು ಮೊಸರಿಗೆ ವಾಪಸ್ ಬರೋದಿಲ್ಲ. ಕುಕ್ಕರಗಾಲು ಬಿಟ್ಟು ಮಣೆ ಮೇಲೆ ಕೂತು ಕರೆಯೋದರಿಂದ ಸ್ವಲ್ಪ ಹಗುರ.

ಗಬ್ಬದ ಹಸುವಿಗೆ ಕರು ಹಾಕೋಕೆ ಎರಡು ತಿಂಗಳು ಮೊದಲೇ ಹಾಲು ಬತ್ತಿಸಬೇಕು. ಒಮ್ಮೆ ಎರಡೂ ಹಸು ಒಟ್ಟಿಗೇ ಬತ್ತಿದವು. ಅಂಗಡಿಗೆ ಹೋಗಿ ಅರ್ಧ ಲೀಟರ್ ಪ್ಯಾಕೆಟ್ ಕೇಳಿದೆ. "ಏನಕ್ಕಾ, ಡೈರಿಗೆ ಹಾಲು ಹಾಕೋರು ನೀವೇ ಪ್ಯಾಕೆಟ್ ತಗೊಳ್ಳೋದಾ?" ಅಂತ ಹುಡುಗ ನಕ್ಕ. ದಿನಾ ಒಂದು ಎತ್ತಿಡಪ್ಪಾ, ಕರು ಹಾಕೋವರೆಗೂ ಬರ್ತೀನಿ ಅಂತ ಹೇಳಿ ದುಡ್ಡು ಕೊಟ್ಟು ಬಂದೆ.