ಸ್ಯಾಂಪಲ್ ಇಲ್ಲದ ಬಿಡಿಭಾಗ ಹುಡುಕುವುದು ಹೇಗೆ?

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹಳೇ ಕಾರಿನ ಬಿಡಿಭಾಗ ಕೇಳಿಕೊಂಡು ಯಾವ ಅಂಗಡಿಗೆ ಹೋದರೂ ಕೌಂಟರಿನ ಆಚೆಯಿಂದ ಬರುವ ಮೊದಲ ಮಾತು ಒಂದೇ: ‘ಸ್ಯಾಂಪಲ್ ತಂದಿದ್ದೀರಾ ಸರ್?’ ಸವೆದದ್ದನ್ನೋ ಮುರಿದದ್ದನ್ನೋ ಜೇಬಿನಿಂದ ತೆಗೆದು ಮುಂದಿಡಬಹುದು. ಕಳೆದೇ ಹೋಗಿದ್ದರೆ ಏನನ್ನು ಇಡುವುದು?

ನನ್ನ ಚಿಕ್ಕಪ್ಪನ 1978ರ ಅಂಬಾಸಿಡರ್ ಮಾರ್ಕ್ 3 ಕಾರಿನ ಇಂಜಿನ್ನನ್ನು ಮೇಸ್ತ್ರಿಯೊಬ್ಬರು ಬಿಚ್ಚಿ ಅರ್ಧಕ್ಕೇ ಕೈಬಿಟ್ಟಿದ್ದರು. ಎರಡು ವರ್ಷ ಅದು ಗೊಬ್ಬರದ ಚೀಲಗಳಲ್ಲಿ, ಬಿಸ್ಕತ್ತಿನ ಡಬ್ಬಿಗಳಲ್ಲಿ ಕೊಟ್ಟಿಗೆ ಸೇರಿತ್ತು. ಇಳಿಸಿ ಎಣಿಸಿದರೆ, ವಾಲ್ವುಗಳನ್ನು ತೆರೆಸುವ ತಳ್ಳುಕಡ್ಡಿಗಳಾದ ಎಂಟು ಪುಷ್‌ರಾಡುಗಳಲ್ಲಿ ಏಳೇ ಇದ್ದವು. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಬೋಲ್ಟು ಒಂದು ಇಲ್ಲ. ವಾಲ್ವ್ ಲಾಕಿನ ಒಂದು ಅರ್ಧ ಇಲ್ಲ. ಈ ಮೂರನ್ನು ಹೊಂದಿಸಿದ ಬಗೆಯನ್ನೇ ಇಲ್ಲಿ ಹೇಳುತ್ತೇನೆ. ಬೇರೆ ಕಾರಿಗೂ ದಾರಿ ಇದೇ.

ಮೊದಲು ಇಂಜಿನ್ನಿನೊಳಗೇ ಹುಡುಕಿ

ಹಳೇ ಬೆಡ್‌ಶೀಟ್ ಹಾಸಿ, ಪ್ರತಿ ಭಾಗವನ್ನೂ ಇಂಜಿನ್ನಿನಲ್ಲಿ ಅದು ಕೂರುವ ಕ್ರಮದಲ್ಲೇ ಜೋಡಿಸಿ. ರಾಶಿ ಹಾಕಿ ಎಣಿಸಿದರೆ ಇಲ್ಲದ್ದು ಕಾಣುವುದಿಲ್ಲ. ಸಾಲಾಗಿ ಇಟ್ಟರೆ ಖಾಲಿ ಜಾಗವೇ ಕಣ್ಣಿಗೆ ಹೊಡೆಯುತ್ತದೆ. ಆಮೇಲೆ ಹಳೇ ಸ್ಪೀಕರಿನ ಅಯಸ್ಕಾಂತಕ್ಕೆ ದಾರ ಕಟ್ಟಿ ಹೆಡ್ಡಿನ ಪೋರ್ಟುಗಳಲ್ಲಿ, ಪುಷ್‌ರಾಡಿನ ಬುಡದ ಟ್ಯಾಪೆಟ್ ಕೂರುವ ಗೂಡಿನಲ್ಲಿ, ಎಣ್ಣೆಯ ಸಂಪಿನ ತಳದಲ್ಲಿ ಆಡಿಸಿ. ಅಲ್ಯೂಮಿನಿಯಂ, ಹಿತ್ತಾಳೆ ಚೂರುಗಳು ಅದಕ್ಕೆ ಅಂಟುವುದಿಲ್ಲವಾದ್ದರಿಂದ ಟಾರ್ಚ್ ಹಾಕಿಯೂ ನೋಡಬೇಕು. ಇದು ದುಡ್ಡು ಉಳಿಸುವ ಉಪಾಯವಷ್ಟೇ ಅಲ್ಲ. ಕಾಳಿನಷ್ಟು ದಪ್ಪದ ಲಾಕಿನ ಚೂರು ಇನ್‌ಟೇಕ್ ಪೋರ್ಟಿನಲ್ಲಿ ಕೂತಿದ್ದರೆ ಮೊದಲ ಸ್ಟಾರ್ಟಿಗೇ ಪಿಸ್ಟನ್ ತಲೆಯ ಮೇಲೆ ಬೀಳುತ್ತದೆ.

ನನಗೆ ಕಳೆದ ಮೂರರಲ್ಲಿ ಒಂದೂ ಸಿಗಲಿಲ್ಲ. ಬದಲಿಗೆ ಸಂಪಿನ ಕೆಸರಿನಿಂದ ರಾಡ್ ಬೋಲ್ಟು ಸಡಿಲಾಗದಂತೆ ಹಿಡಿಯುವ ಲಾಕ್ ವಾಷರಿನ ಮುರಿದ ಕಿವಿಯೊಂದು ಅಯಸ್ಕಾಂತಕ್ಕೆ ಕಚ್ಚಿಕೊಂಡು ಬಂತು. ಅದು ಕಳೆದಿದೆ ಎಂದು ಯಾರಿಗೂ ಗೊತ್ತೇ ಇರಲಿಲ್ಲ!

ಯಾವ ಇಂಜಿನ್ ಎಂಬುದು ಖಚಿತವಾಗಲಿ

‘ಅಂಬಾಸಿಡರ್’ ಎಂದರೆ ಅಂಗಡಿಯವರಿಗೆ ಏನೂ ಹೇಳಿದಂತಾಗುವುದಿಲ್ಲ. ಈ ಕಾರಿಗೆ 1489 ಸಿ.ಸಿ. ಪೆಟ್ರೋಲ್ ಇಂಜಿನ್ ಇತ್ತು, ಡೀಸೆಲ್ ಇತ್ತು, ಆಮೇಲೆ ಇಸುಜು ಇಂಜಿನ್ನೂ ಬಂತು. ಪೆಟ್ರೋಲ್ ಕಿತ್ತು ಮೆಟಡೋರ್ ವ್ಯಾನಿನ ಡೀಸೆಲ್ ಇಂಜಿನ್ ಕೂರಿಸಿಕೊಂಡವರೂ ಉಂಟು. ಬ್ಲಾಕಿನ ಮೇಲಿನ ನಂಬರನ್ನು ಆರ್.ಸಿ. ಪುಸ್ತಕದ ಜೊತೆ ತಾಳೆ ನೋಡಿ, ಫೋಟೊ ತೆಗೆದಿಟ್ಟುಕೊಳ್ಳಿ.

ನಮ್ಮದು 1489 ಸಿ.ಸಿ.ಯದು, ಇಂಗ್ಲೆಂಡಿನ ಬಿ.ಎಂ.ಸಿ. ಕಂಪನಿಯ ಬಿ-ಸೀರೀಸ್ ಕುಲದ್ದು. ಕೋಲ್ಕತ್ತ ಬಳಿಯ ಉತ್ತರಪಾರಾದ ಕಾರ್ಖಾನೆ 2014ರಲ್ಲಿ ಅಂಬಾಸಿಡರ್ ತಯಾರಿಕೆ ನಿಲ್ಲಿಸಿತು. ಆದರೆ ಎಂ.ಜಿ.ಎ. ಎಂಬ ಸ್ಪೋರ್ಟ್ಸ್ ಕಾರು ಮೊದಲು ಓಡಿದ್ದು ಇದೇ 1489 ಸಿ.ಸಿ. ಇಂಜಿನ್ನಿನ ಬಲದಲ್ಲಿ. ಅದರ ಅಭಿಮಾನಿಗಳ ದಯೆಯಿಂದ ಕೆಲವು ಭಾಗಗಳು ಇಂಗ್ಲೆಂಡಿನಲ್ಲಿ ಇಂದಿಗೂ ಸಿಗುತ್ತವೆ. ದುಬಾರಿ, ನಿಜ.

ಪಕ್ಕದಲ್ಲಿರುವುದೇ ಸ್ಯಾಂಪಲ್

ಕಳೆದ ಭಾಗ ತನ್ನ ಅಳತೆಯನ್ನು ತಾನು ಕೂತ ಜಾಗದಲ್ಲಿ ಬಿಟ್ಟು ಹೋಗಿರುತ್ತದೆ. ಪುಷ್‌ರಾಡ್ ಹುಡುಕಲು ಉಳಿದ ಏಳೇ ಸಾಕ್ಷಿ. ಅವುಗಳನ್ನು ಒಂದೊಂದಾಗಿ ಗಾಜಿನ ಹಲಗೆಯ ಮೇಲೆ ಉರುಳಿಸಿ. ಬಾಗಿದ್ದರೆ ಟಕಟಕ ಎಂದು ಕುಣಿಯುತ್ತದೆ. ಅದನ್ನು ಮಾದರಿಗೆ ಒಯ್ಯಬೇಡಿ. ನೆಟ್ಟಗಿರುವುದರ ಒಂದು ತುದಿ ಗುಂಡಗೆ, ಇನ್ನೊಂದು ತುದಿ ಬಟ್ಟಲಿನಂತೆ ಇರುತ್ತದೆ. ಗುಂಡು ಕೆಳಗೆ ಟ್ಯಾಪೆಟ್ಟಿನಲ್ಲಿ, ಬಟ್ಟಲು ಮೇಲೆ, ವಾಲ್ವನ್ನು ಒತ್ತುವ ರಾಕರಿನ ಸ್ಕ್ರೂ ಕಡೆಗೆ. ಉದ್ದದ ಜೊತೆಗೆ ಈ ಎರಡು ತುದಿಗಳ ಆಕಾರವೂ ಹೊಂದಬೇಕು. ತಂದ ಮೇಲೆ ಹಳೆಯದರ ಪಕ್ಕದಲ್ಲಿಟ್ಟು ಎರಡರ ಬುಡವನ್ನೂ ಕಬ್ಬಿಣದ ಆಂಗಲ್ಲಿಗೆ ಒತ್ತಿ ಹಿಡಿದು ಇನ್ನೊಂದು ತುದಿ ನೋಡಿ. ಕೂದಲೆಳೆಯ ವ್ಯತ್ಯಾಸವನ್ನು ರಾಕರ್ ಸ್ಕ್ರೂ ನುಂಗಿಕೊಳ್ಳುತ್ತದೆ. ರಾಕರಿಗೂ ವಾಲ್ವಿಗೂ ನಡುವಿನ ಗ್ಯಾಪ್ ಹೊಂದಿಸಲು ಆ ಸ್ಕ್ರೂವನ್ನು ಕೊನೆಯವರೆಗೂ ತಿರುಗಿಸಬೇಕಾಗಿ ಬಂದರೆ ತಂದದ್ದು ಬೇರೆ ಇಂಜಿನ್ನಿನದು ಎಂದೇ ತಿಳಿಯಿರಿ.

ಒಂದೇ ಒಂದು ಪುಷ್‌ರಾಡನ್ನು ಮಾರುವವರು ಸಿಗುವುದು ಕಷ್ಟ. ಗುಜರಿಯಲ್ಲಿ ಬಿರುಕು ಬಿಟ್ಟ ಹೆಡ್ಡನ್ನು ರಾಕರ್, ಪುಷ್‌ರಾಡುಗಳ ಸಮೇತ ಕೇಳಿ. ಬಿಡಿಯಾಗಿ ಕೊಳ್ಳುವುದಕ್ಕಿಂತ ಅಗ್ಗಕ್ಕೆ ಬೀಳಬಹುದು. ನನಗೆ ಶಿವಾಜಿನಗರದಲ್ಲಿ ಸಿಕ್ಕಿತು. ಸಿಗದಿದ್ದರೆ ಚೆನ್ನೈನ ಪುದುಪೇಟೆ, ಕೋಲ್ಕತ್ತದ ಮಲ್ಲಿಕ್ ಬಜಾರ್ ಇವೆ. ಕೋಲ್ಕತ್ತ ಈ ಕಾರಿನ ತವರು ಬೇರೆ.

ಅದೇ ಹೆಡ್ಡಿನಿಂದ ವಾಲ್ವ್ ಲಾಕೂ ಬಂತು. ಇಲ್ಲಿ ಹುಷಾರು. ಲಾಕ್ ಎಂದರೆ ವಾಲ್ವಿನ ಕತ್ತಿನ ಗೀರಿನಲ್ಲಿ ಕೂತು ಸ್ಪ್ರಿಂಗಿನ ಬಟ್ಟಲನ್ನು ಹಿಡಿದಿಡುವ ಎರಡು ಅರ್ಧಬಳೆಗಳು. ಒಂದರ್ಧ ಕಳೆದರೆ ಇನ್ನೊಂದರ್ಧವನ್ನೂ ಎಸೆದು ಜೋಡಿಯನ್ನೇ ಹಾಕಿ. ಎರಡು ಬೇರೆ ಜೋಡಿಯ ಅರ್ಧಗಳು ಒಂದೇ ಎತ್ತರದಲ್ಲಿ ಕೂರದಿದ್ದರೆ ಸ್ಪ್ರಿಂಗಿನ ಭಾರವೆಲ್ಲ ಒಂದರ ಮೇಲೇ ಬೀಳುತ್ತದೆ. ಅದು ಜಾರಿದರೆ ವಾಲ್ವು ಸಿಲಿಂಡರಿನೊಳಗೆ ಇಳಿಯುತ್ತದೆ. ಗೀರಿಗೆ ಗ್ರೀಸ್ ಹಚ್ಚಿ ಅರ್ಧಗಳನ್ನು ಅಂಟಿಸಿ, ಸ್ಪ್ರಿಂಗನ್ನು ಅದುಮಿ ಹಿಡಿದ ಕಂಪ್ರೆಸರನ್ನು ನಿಧಾನ ಸಡಿಲಿಸಿ. ಲಾಕನ್ನು ಸುತ್ತುವರಿಯುವ ಸಣ್ಣ ಕ್ಲಿಪ್ಪನ್ನು ಮರೆಯಬೇಡಿ. ಕೊನೆಗೆ ಮೇಲೆ ಬಟ್ಟೆ ಮುಚ್ಚಿ, ವಾಲ್ವಿನ ತುದಿಗೆ ಮರದ ಕೊಡತಿಯಿಂದ ಎರಡೇಟು ಹಾಕಿ. ಸರಿಯಾಗಿ ಕೂರದ್ದು ಆಗಲೇ ಹಾರಲಿ, ಓಡುವಾಗ ಬೇಡ. ಕಣ್ಣಿಗೆ ಕನ್ನಡಕ ಇರಲಿ.

ಬೋಲ್ಟಿನ ವಿಷಯದಲ್ಲಿ ಜುಗ್ಗತನ ಬೇಡ

ಈ ಇಂಜಿನ್ ಹುಟ್ಟಿದ್ದು ಇಂಚಿನ ಲೆಕ್ಕದಲ್ಲಿ. ಸಿಲಿಂಡರಿನ ಬೋರ್ 73.025 ಮಿ.ಮೀ. ಎಂದು ವಿಚಿತ್ರವಾಗಿ ಇರುವುದೇಕೆ? ಅದು ಮೂರಿಂಚಿಗೆ ಎಂಟನೇ ಒಂದು ಇಂಚು ಕಡಿಮೆ, ಅಷ್ಟೆ. ಬೋಲ್ಟುಗಳೂ ಹಾಗೆಯೇ, ಹೆಚ್ಚಿನವು ಯು.ಎನ್.ಎಫ್. ಎಂಬ ಇಂಚಿನ ಲೆಕ್ಕದ ಸಣ್ಣ ಥ್ರೆಡ್ಡಿನವು. 5/16 ಇಂಚಿನ ಬೋಲ್ಟು 7.94 ಮಿ.ಮೀ. ದಪ್ಪ ಇರುವುದರಿಂದ ಎಂಟು ಎಂ.ಎಂ. ಬೋಲ್ಟನ್ನು ಆ ತೂತಿಗೆ ಇಟ್ಟರೆ ಒಂದೆರಡು ಸುತ್ತು ಆರಾಮಾಗಿ ಹೋಗುತ್ತದೆ. ಆಮೇಲೆ ಬಿಗಿಯಾಗುತ್ತದೆ. ಆ ಬಿಗಿಯನ್ನು ನಂಬಿ ಪಾನಾ ಹಾಕಿದಿರೋ, ಒಳಗಿನ ಥ್ರೆಡ್ ಹೋಯಿತು. ಮೊದಲು ಥ್ರೆಡ್ಡಿನ ಎಳೆ ಅಳೆಯುವ ಪಿಚ್ ಗೇಜ್ ಇಟ್ಟು ಎಣಿಸಿ: 5/16 ಯು.ಎನ್.ಎಫ್. ಬೋಲ್ಟಿಗೆ ಇಂಚಿಗೆ 24 ಎಳೆ.

ಕವರ್ರು, ಬ್ರಾಕೆಟ್ಟುಗಳಿಗೆ ಅಳತೆ ಹೊಂದುವ ಒಳ್ಳೇ ಬೋಲ್ಟು ಸಾಕು. ಕನೆಕ್ಟಿಂಗ್ ರಾಡಿಗೆ ಮಾತ್ರ ಹಾರ್ಡ್‌ವೇರ್ ಅಂಗಡಿಯದ್ದು ಬೇಡವೇ ಬೇಡ, ಲೇತಿನಲ್ಲಿ ಮಾಡಿಸಿದ್ದೂ ಬೇಡ. ಪಿಸ್ಟನ್ ಮೇಲಿನ ತುದಿ ಮುಟ್ಟಿ ಕೆಳಕ್ಕೆ ದಿಕ್ಕು ಬದಲಿಸುವಾಗಲೆಲ್ಲ ಆ ಬೋಲ್ಟು ಜಗ್ಗಿಸಿಕೊಳ್ಳುತ್ತದೆ. ಅದು ತುಂಡಾದರೆ ರಾಡು ಬ್ಲಾಕನ್ನೇ ಒಡೆದು ಹೊರಬರುತ್ತದೆ. ಕಳೆದದ್ದು ಒಂದೇ ಆದರೂ ನಾನು ಎಂಟನ್ನೂ ಹೊಸದಾಗಿ ತರಿಸಿದೆ, ಕಿವಿ ಮಡಚುವ ಲಾಕ್ ವಾಷರುಗಳ ಜೊತೆಗೆ. ಚಿಕ್ಕಪ್ಪ ಬಿಲ್ ನೋಡಿ, ‘ಏಳು ಚೆನ್ನಾಗೇ ಇದ್ವಲ್ಲೋ!’ ಅಂದರು. ಆ ಏಳು ಎಷ್ಟು ಎಳೆದುಕೊಂಡಿವೆಯೋ ಯಾರಿಗೆ ಗೊತ್ತು?

ಕ್ರ್ಯಾಂಕಿನ ಮೂಗಿನ ಅರ್ಧಚಂದ್ರಾಕಾರದ ಕೀ ಕಳೆದಿದ್ದರೆ ಲೇತ್ ಅಂಗಡಿಯಲ್ಲಿ ಕೀ ಕೂರುವ ಗೀರಿನ ಅಗಲ ತೋರಿಸಿ ಮಾಡಿಸಬಹುದು. ಕ್ರ್ಯಾಂಕನ್ನು ಸುತ್ತಿ ಹಿಡಿದಿಡುವ ಅರ್ಧವೃತ್ತದ ಬೇರಿಂಗ್ ಕ್ಯಾಪ್ ಕಳೆದಿದ್ದರೆ ಕೆಲಸ ನಿಲ್ಲಿಸಿ. ಕ್ಯಾಪನ್ನು ರಾಡಿಗೋ ಬ್ಲಾಕಿಗೋ ಬಿಗಿದು ಎರಡನ್ನೂ ಒಟ್ಟಿಗೇ ಬೋರ್ ಮಾಡಿರುತ್ತಾರೆ. ಇನ್ನೊಂದರ ಕ್ಯಾಪ್ ಇದಕ್ಕೆ ದುಂಡಗೆ ಕೂರುವುದಿಲ್ಲ. ರಾಡಿನದಾದರೆ ಕ್ಯಾಪ್ ಸಮೇತ ಇಡೀ ರಾಡನ್ನು ಕೊಂಡು, ಉಳಿದ ಮೂರರ ತೂಕಕ್ಕೆ ಹೊಂದುತ್ತದೆಯೇ ನೋಡಿ. ಬ್ಲಾಕಿನದಾದರೆ ಬೇರಿಂಗ್ ಗೂಡುಗಳನ್ನೆಲ್ಲ ಒಂದೇ ಸಾಲಿಗೆ ಕೊರೆಯುವ, ಅಂದರೆ ಲೈನ್ ಬೋರಿಂಗ್ ಮಾಡುವ ಮೆಷಿನ್ ಶಾಪಿಗೇ ಹೋಗಬೇಕು.

ಕೂರಿಸಿದ ಮೇಲೆ

ಸ್ಪಾರ್ಕ್ ಪ್ಲಗ್ ಹಾಕುವ ಮುಂಚೆ ಹ್ಯಾಂಡಲಿನಿಂದ ಕ್ರ್ಯಾಂಕನ್ನು ಎರಡು ಪೂರ್ತಿ ಸುತ್ತು ತಿರುಗಿಸಿ. ವಾಲ್ವುಗಳನ್ನು ತೆರೆಸುವ ಕ್ಯಾಮ್ ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುವುದರಿಂದ ಒಂದು ಸುತ್ತು ಸಾಲದು. ಎಲ್ಲಾದರೂ ತಡೆದರೆ ಜೋರು ಮಾಡದೆ ಬಿಚ್ಚಿ ನೋಡಿ. ಟ್ಯಾಪೆಟ್ ಗ್ಯಾಪ್ ಹೊಂದಿಸಲು ಒಂಬತ್ತರ ಲೆಕ್ಕ ಸುಲಭ: ಎಂಟನೇ ವಾಲ್ವ್ ಪೂರ್ತಿ ತೆರೆದಾಗ ಹೊಂದಿಸಬೇಕಾದ್ದು ಒಂದನೆಯದು, ಆರನೆಯದು ತೆರೆದಾಗ ಮೂರನೆಯದು, ಹೀಗೆ ಕೂಡಿದರೆ ಒಂಬತ್ತು ಬರಬೇಕು. ಗ್ಯಾಪ್ ಮ್ಯಾನ್ಯುಯಲ್ಲಿನಲ್ಲಿ ಇದ್ದಂತೆ. ಪ್ಲಗ್ ಇಲ್ಲದೆಯೇ ಸ್ಟಾರ್ಟರ್ ತಿರುಗಿಸಿ ಎಣ್ಣೆಯ ಒತ್ತಡ ಬಂದದ್ದನ್ನು ಖಾತ್ರಿ ಮಾಡಿಕೊಂಡು, ಪ್ಲಗ್ ಹಾಕಿ ಸ್ಟಾರ್ಟ್ ಮಾಡಿ.

ಬಿಸಿಯಾದ ಮೇಲೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ರಾಕರ್ ಕವರಿನ ಮೇಲೆ, ಹೊಸ ಪುಷ್‌ರಾಡ್ ಇರುವ ಜಾಗಕ್ಕೆ ನೇರವಾಗಿ ಇಟ್ಟು, ಹಿಡಿಯನ್ನು ಕಿವಿಗೆ ಆನಿಸಿ. ಅಕ್ಕಪಕ್ಕದವಕ್ಕಿಂತ ಟಿಕ್ ಟಿಕ್ ಜಾಸ್ತಿ ಕೇಳಿದರೆ ಇಂಜಿನ್ ನಿಲ್ಲಿಸಿ ಆ ಒಂದರ ಗ್ಯಾಪನ್ನು ಮತ್ತೆ ನೋಡಿ. ನಮ್ಮದರಲ್ಲಿ ಮೂರು ಸಲ ನೋಡಬೇಕಾಯಿತು.