ಡೇರೆಯಲ್ಲಿ ಆಸ್ಪತ್ರೆ: ನೀರಿನ ಲೆಕ್ಕ ಮೊದಲು, ಹಾಸಿಗೆ ಆಮೇಲೆ

2001ರ ಜನವರಿ 26ರ ಬೆಳಿಗ್ಗೆ ಗುಜರಾತಿನ ಕಛ್ ಭೂಕಂಪಕ್ಕೆ ನಡುಗಿದಾಗ ಭುಜ್‌ನ ದೊಡ್ಡ ಸರ್ಕಾರಿ ಆಸ್ಪತ್ರೆಯೇ ಕುಸಿದುಬಿತ್ತು. ಗಾಯಾಳುಗಳಿಗೆ ಜ್ಯುಬಿಲಿ ಮೈದಾನವೇ ವಾರ್ಡ್ ಆಯಿತು. ಮುಂದೆ ಅಲ್ಲಿಯೇ ರೆಡ್ ಕ್ರಾಸ್‌ನ ಡೇರೆ ಆಸ್ಪತ್ರೆ ತಲೆಯೆತ್ತಿತು. ಡೇರೆ ಹೊಡೆಯುವುದು ಕೆಲವು ಗಂಟೆಗಳ ಕೆಲಸ. ಕಷ್ಟ ಇರುವುದು ಅದನ್ನು ನಡೆಸುವುದರಲ್ಲಿ.

ಜಾಗ: ನೀರು ನಿಲ್ಲದ ಬಯಲು ಬೇಕು. ಬಿರುಕುಬಿಟ್ಟ ಗೋಡೆ ಹತ್ತಿರ ಇರಬಾರದು, ಭೂಮಿ ಮತ್ತೆ ಕಂಪಿಸುತ್ತದೆ. ಆಂಬುಲೆನ್ಸ್ ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹೊರಡಬೇಕು.

ನೀರು: ಒಳರೋಗಿಗೆ ದಿನಕ್ಕೆ 40ರಿಂದ 60 ಲೀಟರ್, ಹೊರರೋಗಿಗೆ 5, ಒಂದು ಆಪರೇಷನ್‌ಗೆ 100. ಮೂವತ್ತು ಹಾಸಿಗೆ, ನೂರು ಹೊರರೋಗಿ, ಆರು ಆಪರೇಷನ್ ಎಂದರೆ ದಿನಕ್ಕೆ ಮೂರು ಸಾವಿರ ಲೀಟರ್ ಹತ್ತಿರ. ನೀರಿನ ಟ್ಯಾಂಕರ್ ಗೊತ್ತುಮಾಡುವ ಮೊದಲೇ ಹಾಸಿಗೆ ಹಾಕಿದರೆ ಫಜೀತಿ. ಇಪ್ಪತ್ತು ಹಾಸಿಗೆಗೆ ಒಂದು ಕಕ್ಕಸು, ನೀರಿನ ಮೂಲದಿಂದ ಕನಿಷ್ಠ 30 ಮೀಟರ್ ದೂರ.

ಬಾಗಿಲು: ಬಂದ ಗಾಯಾಳುಗಳನ್ನು ತೀವ್ರತೆ ನೋಡಿ ವಿಂಗಡಿಸುವುದು ಇಲ್ಲೇ. ಹೊಸಬರನ್ನು ನಿಲ್ಲಿಸಬೇಡಿ, ತೀರಾ ಅನುಭವಿಗಳೇ ಬೇಕು. ಕೆಂಪು ಪಟ್ಟಿ ತಕ್ಷಣ ಚಿಕಿತ್ಸೆ ಬೇಕಾದವರಿಗೆ, ಹಳದಿ ಸ್ವಲ್ಪ ಕಾಯಬಲ್ಲವರಿಗೆ, ಹಸಿರು ನಡೆದಾಡುವವರಿಗೆ, ಕಪ್ಪು ಮೃತರಿಗೆ ಮತ್ತು ಬದುಕುಳಿಯುವ ಭರವಸೆ ಇಲ್ಲದವರಿಗೆ. ಕೂಗಾಡುವವರಿಗೆ ಉಸಿರಾದರೂ ಇದೆ. ಸದ್ದಿಲ್ಲದೆ ಬಿದ್ದವರನ್ನು ಮೊದಲು ನೋಡಿ.

ಶಸ್ತ್ರಚಿಕಿತ್ಸೆ: ಇಲ್ಲಿ ಕೆಟಮಿನ್ ಎಂಬ ಅರಿವಳಿಕೆ ಮದ್ದು ದೊಡ್ಡ ಆಸರೆ. ರೋಗಿ ಸಾಮಾನ್ಯವಾಗಿ ತಾನೇ ಉಸಿರಾಡುತ್ತಿರುತ್ತಾನೆ, ದೊಡ್ಡ ಯಂತ್ರ ಬೇಕಿಲ್ಲ. ಪಕ್ಕದಲ್ಲಿ ಕಣ್ಣಿಟ್ಟು ನೋಡುವವರು ಮಾತ್ರ ಬೇಕೇ ಬೇಕು. ಮಣ್ಣು ಹೊಕ್ಕ ಗಾಯಕ್ಕೆ ಅವಸರದಲ್ಲಿ ಹೊಲಿಗೆ ಹಾಕಬೇಡಿ, ಕೀವು ಒಳಗೇ ಉಳಿಯುತ್ತದೆ. ಸತ್ತ ಮಾಂಸ ತೆಗೆದು, ತೊಳೆದು, ತೆರೆದ ಗಾಯಕ್ಕೆ ಬಟ್ಟೆ ಸುತ್ತಿ; ಧನುರ್ವಾಯು ಚುಚ್ಚುಮದ್ದು ಕೊಡಿ; ನಾಲ್ಕೈದು ದಿನ ಬಿಟ್ಟು ಹೊಲಿಯಿರಿ. ನೋಡಲು ಬಂದ ನೆಂಟರಿಗೆ ಇದು ಅಸಡ್ಡೆಯಂತೆ ಕಾಣುತ್ತದೆ, ಮೊದಲೇ ಹೇಳಿಬಿಡಿ. ಗಂಟೆಗಟ್ಟಲೆ ಅವಶೇಷದಡಿ ಸಿಕ್ಕಿಕೊಂಡವರಿಗೆ ಭಾರ ಎತ್ತುವ ಮೊದಲೇ ಸಲೈನ್ ಹಚ್ಚಬೇಕು. ಇಲ್ಲವಾದರೆ ಜಜ್ಜಿದ ಸ್ನಾಯುವಿನ ಪೊಟ್ಯಾಸಿಯಂ ಒಮ್ಮೆಲೇ ರಕ್ತಕ್ಕೆ ನುಗ್ಗಿ ಹೃದಯ ನಿಲ್ಲಬಹುದು.

ಎರಡನೇ ವಾರ: ಮೂಳೆ ಮುರಿದವರು ಕಡಿಮೆಯಾಗಿ ಬಸುರಿಯರು, ಜ್ವರದ ಮಕ್ಕಳು, ಮಾತ್ರೆ ಮನೆಯಡಿ ಹೂತುಹೋದ ಬಿಪಿ, ಸಕ್ಕರೆ ಕಾಯಿಲೆಯವರು ಸಾಲುಗಟ್ಟುತ್ತಾರೆ. ಇನ್ಸುಲಿನ್‌ಗೆ ಫ್ರಿಜ್ ಬೇಕು, ಫ್ರಿಜ್‌ಗೆ ಜನರೇಟರ್, ಜನರೇಟರ್‌ಗೆ ಡೀಸೆಲ್. ಆ ಡೀಸೆಲ್ ಲೆಕ್ಕ ಇಡಲು ಮೊದಲ ದಿನವೇ ಒಬ್ಬರನ್ನು ಕೂರಿಸಿ, ಆ ಕೆಲಸ ಡಾಕ್ಟರ ತಲೆಗೆ ಕಟ್ಟಬೇಡಿ.