ಡಾಕ್ಯುಮೆಂಟರಿ ಛಾಯಾಗ್ರಹಣದ ಮೊದಲ ಪಾಠಗಳು: ಕಡಲೆಕಾಯಿ ಪರಿಷೆಯನ್ನು ಚಿತ್ರಿಸುವ ಬಗೆ

ಡಾಕ್ಯುಮೆಂಟರಿ ಛಾಯಾಗ್ರಹಣ ಕಲಿಯಬೇಕೆಂದು ಹೊರಟ ಬೆಂಗಳೂರಿಗರು ಸಾಮಾನ್ಯವಾಗಿ ನಸುಕಿನಲ್ಲಿ ಕೆ.ಆರ್. ಮಾರುಕಟ್ಟೆಯ ಹೂವಿನ ಅಂಗಡಿಗಳಿಗೆ ಹೋಗುತ್ತಾರೆ, ಇಲ್ಲವೇ ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋಗುತ್ತಾರೆ. ಎರಡೂ ಒಳ್ಳೆಯ ಜಾಗಗಳೇ. ಆದರೆ ಒಂದೇ ಬೆಳಗ್ಗೆ ನೂರಾರು ಚಿತ್ರ ತೆಗೆದು, ಅವುಗಳಲ್ಲಿ ಕಣ್ಣಿಗೆ ಹೊಡೆಯುವಂಥ ಒಂದನ್ನು ಆರಿಸಿ ಹಂಚಿಕೊಂಡ ಮಾತ್ರಕ್ಕೆ ಅದು ದಾಖಲೆಯಾಗಲಾರದು. ಚಿತ್ರದಲ್ಲಿರುವವರು ಯಾರು, ಎಲ್ಲಿಂದ ಬಂದರು, ಅವರ ಕೆಲಸವೇನು, ಆ ಕೆಲಸಕ್ಕೆ ಮೊದಲು ಏನಿತ್ತು, ಆಮೇಲೆ ಏನಾಯಿತು ಎಂಬುದು ನೋಡುವವರಿಗೆ ತಿಳಿಯುವಂತೆ ಹಲವು ಚಿತ್ರಗಳನ್ನು ಜೋಡಿಸುವುದೇ ಈ ವಿದ್ಯೆಯ ತಿರುಳು. ಅದನ್ನು ಕಲಿಯಲು ಪರಿಷೆ ಬಹಳ ತಕ್ಕ ವಿಷಯ. ಸೋಮವಾರ ಮಾತ್ರ ಅದಕ್ಕೆ ಎಲ್ಲಕ್ಕಿಂತ ಕಡಿಮೆ ತಕ್ಕ ದಿನ.

ಆ ದಿನ ಬುಲ್ ಟೆಂಪಲ್ ರಸ್ತೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ, ವ್ಯಾಪಾರಿಗಳಿಗೆ ತಲೆಯೆತ್ತಿ ನೋಡಲು ಪುರುಸೊತ್ತಿರುವುದಿಲ್ಲ, ನಿಮ್ಮ ಅಕ್ಕಪಕ್ಕದಲ್ಲಿ ನಿಂತ ಇನ್ನಷ್ಟು ಕ್ಯಾಮೆರಾಗಳು ಅದೇ ಕಡಲೆಕಾಯಿ ರಾಶಿಯನ್ನೇ ನೋಡುತ್ತಿರುತ್ತವೆ. ಅದರ ಬದಲು ಎರಡು ಮೂರು ದಿನ ಮೊದಲೇ ಹೋಗಿ. ಆಗ ಟೆಂಪೋಗಳಿಂದ ಮೂಟೆ ಇಳಿಯುತ್ತಿರುತ್ತವೆ, ಜಾಗ ಹಿಡಿಯುವ ಸಣ್ಣಪುಟ್ಟ ಜಗಳಗಳು ನಡೆಯುತ್ತಿರುತ್ತವೆ, ಟಾರ್ಪಾಲಿನ ಕೆಳಗೆ ಅಡುಗೆ ಬೇಯುತ್ತಿರುತ್ತದೆ, ಮುಖ್ಯವಾಗಿ ಜನಕ್ಕೆ ಮಾತಾಡಲು ಬಿಡುವಿರುತ್ತದೆ. ಪರಿಷೆ ಮುಗಿದ ಮೇಲೂ ಒಮ್ಮೆ ಹೋಗಿ. ಸಿಪ್ಪೆ ಗುಡಿಸುವ ಪೌರಕಾರ್ಮಿಕರು, ಉಳಿದ ಮೂಟೆಗಳ ಮುಂದೆ ಕೂತು ಲೆಕ್ಕ ಹಾಕುವವರು, ಎಲ್ಲವೂ ಪರಿಷೆಯ ಭಾಗವೇ.

ಹೋಗುವ ಮೊದಲು ವಿಷಯವನ್ನು ಚಿಕ್ಕದು ಮಾಡಿಕೊಳ್ಳಬೇಕು. ‘ಕಡಲೆಕಾಯಿ ಪರಿಷೆ’ ಎಂಬುದು ಮೊದಲ ಪ್ರಯತ್ನಕ್ಕೆ ಬಹಳ ದೊಡ್ಡದು. ‘ಮಾಗಡಿ ಕಡೆಯಿಂದ ಬಂದ ಒಂದು ಕುಟುಂಬ ರಸ್ತೆ ಬದಿಯಲ್ಲಿ ಪರಿಷೆಯ ದಿನಗಳನ್ನು ಹೇಗೆ ಕಳೆಯುತ್ತದೆ’ ಎಂಬುದು ಕೈಗೆಟುಕುವ ವಿಷಯ. ಹೀಗೆ ಒಂದೇ ವಾಕ್ಯದಲ್ಲಿ ಬರೆದುಕೊಳ್ಳಲಾಗದಿದ್ದರೆ ವಿಷಯ ಇನ್ನೂ ಗಟ್ಟಿಯಾಗಿಲ್ಲವೆಂದೇ ತಿಳಿಯಿರಿ. ಹಿನ್ನೆಲೆಯನ್ನೂ ಓದಿಕೊಂಡಿರಬೇಕು. ರಾತ್ರಿ ಬೆಳೆ ಮೇಯುತ್ತಿದ್ದ ಬಸವನಿಗೆ ಸುಂಕೇನಹಳ್ಳಿ (ಈಗಿನ ಬಸವನಗುಡಿ) ಮತ್ತು ಸುತ್ತಲಿನ ಹಳ್ಳಿಗಳ ರೈತರು ಮೊದಲ ಫಸಲನ್ನು ಒಪ್ಪಿಸುವ ಹರಕೆ ಹೊತ್ತರೆಂಬ ಐತಿಹ್ಯ ನಿಮಗೆ ಗೊತ್ತಿದ್ದರೆ, ಸೋಮವಾರವೂ ಹೋಗುವುದಾದರೆ ಬೆಳಗ್ಗೆ ರಸ್ತೆಯನ್ನು ಬಿಟ್ಟು ಬಸವನ ಸನ್ನಿಧಿಯಲ್ಲಿ ಇರಬೇಕೆಂಬುದು ತಾನಾಗಿಯೇ ಹೊಳೆಯುತ್ತದೆ.

ಸಲಕರಣೆಯ ಬಗ್ಗೆ ಹೆಚ್ಚು ಹೇಳುವುದು ಬೇಡ. ಮೊಬೈಲ್ ಸಾಕು, ಆದರೆ ಅದರ ಮುಖ್ಯ ಲೆನ್ಸನ್ನೇ ಬಳಸಿ. ಜೂಮ್, ಪೋರ್ಟ್ರೇಟ್ ಮೋಡ್, ಮುಖ ಬೆಳ್ಳಗಾಗಿಸುವ ಫಿಲ್ಟರ್ ಮೂರನ್ನೂ ಬಿಟ್ಟುಬಿಡಿ. ಕ್ಯಾಮೆರಾ ಇದ್ದವರು, ಬೆಳಕು ಹಿಡಿಯುವ ಸೆನ್ಸರ್ ದೊಡ್ಡದಿರುವ ಫುಲ್ ಫ್ರೇಮ್‌ನಲ್ಲಿ 35 ಮಿ.ಮೀ., ಅದಕ್ಕಿಂತ ಚಿಕ್ಕ ಸೆನ್ಸರಿನ ಎಪಿಎಸ್-ಸಿ ಕ್ಯಾಮೆರಾದಲ್ಲಿ 23 ಅಥವಾ 24 ಮಿ.ಮೀ. ಲೆನ್ಸ್ ಒಂದಕ್ಕೇ ಅಂಟಿಕೊಳ್ಳುವುದು ಮೇಲು, ಏಕೆಂದರೆ ಈ ಲೆನ್ಸ್ ನಿಮ್ಮನ್ನು ಜನರ ಹತ್ತಿರಕ್ಕೆ ಹೋಗುವಂತೆ ಮಾಡುತ್ತದೆ. ದೂರದಿಂದ ಟೆಲಿ ಲೆನ್ಸ್‌ನಲ್ಲಿ ಕದ್ದು ತೆಗೆದ ಮುಖಗಳಿಗೂ ಮಾತಾಡಿಸಿ ತೆಗೆದ ಮುಖಗಳಿಗೂ ಇರುವ ಅಂತರವನ್ನು ಯಾರು ಬೇಕಾದರೂ ಗುರುತಿಸಬಲ್ಲರು.

ಅಪರ್ಚರನ್ನು, ಅಂದರೆ ಲೆನ್ಸಿನಲ್ಲಿ ಬೆಳಕು ಹಾಯುವ ಕಿಂಡಿಯನ್ನು, ಎಫ್/5.6ರಿಂದ ಎಫ್/8ರ ನಡುವೆ ಇಟ್ಟರೆ ವ್ಯಕ್ತಿಯ ಜೊತೆಗೆ ಹಿನ್ನೆಲೆಯೂ ಓದಲು ಸಿಗುತ್ತದೆ; ಹಿನ್ನೆಲೆಯನ್ನು ಪೂರ್ತಿ ಮಸುಕಾಗಿಸುವ ಈಗಿನ ಖಯಾಲಿ ಈ ಬಗೆಯ ಚಿತ್ರಕ್ಕೆ ಹೊಂದುವುದಿಲ್ಲ. ನಡೆದಾಡುವ ಜನರಿಗೆ ಷಟರ್ ವೇಗ, ಅಂದರೆ ಬೆಳಕು ಒಳಬರುವ ಹೊತ್ತು, ಸೆಕೆಂಡಿನ 1/250 ಇರಲಿ, ಕೂತು ಮಾತಾಡುವವರಿಗೆ 1/125 ಸಾಕು. ನವೆಂಬರ್ ಕೊನೆಯಲ್ಲಿ ಬೆಂಗಳೂರಿನ ಸೂರ್ಯ ಬೆಳಗ್ಗೆ 6.20ರ ಸುಮಾರಿಗೆ ಹುಟ್ಟಿ ಸಂಜೆ 6ಕ್ಕೆ ಮೊದಲೇ ಮುಳುಗುವುದರಿಂದ, ಬೆಳಗಿನ ಮೊದಲ ಎರಡು ಗಂಟೆ ಮತ್ತು ಸಂಜೆಯ ಕೊನೆಯ ಒಂದು ಗಂಟೆಯ ಬೆಳಕು ಮುಖಗಳಿಗೆ ಒಳ್ಳೆಯದು. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದ ಮೋಡ ಕವಿದರೆ ಬೇಸರಿಸಬೇಡಿ. ಮೋಡದ ಬೆಳಕಿನಲ್ಲಿ ಕಣ್ಣಿನ ಕೆಳಗೆ ಕಪ್ಪು ನೆರಳು ಬೀಳುವುದಿಲ್ಲ. ರಾತ್ರಿ ಅಂಗಡಿಗಳ ಎಲ್ಇಡಿ ಬಲ್ಬುಗಳಡಿ ಚಿತ್ರದಲ್ಲಿ ಅಡ್ಡಪಟ್ಟೆಗಳು ಮೂಡುವುದುಂಟು. ನಮ್ಮ ವಿದ್ಯುತ್ತಿನ ಆವರ್ತನ 50 ಹರ್ಟ್ಸ್ ಆಗಿರುವುದರಿಂದ ಅಗ್ಗದ ಬಲ್ಬುಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಷಟರನ್ನು 1/50 ಅಥವಾ 1/100ಕ್ಕೆ ಇಟ್ಟು ಐಎಸ್ಒವನ್ನು (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆಯನ್ನು) 3200ರವರೆಗೆ ಏರಿಸಿದರೆ ಪಟ್ಟೆಗಳು ಬಹುಮಟ್ಟಿಗೆ ಮಾಯವಾಗುತ್ತವೆ. ಸ್ವಲ್ಪ ಕಾಳುಕಾಳಾಗಿ ಕಂಡರೂ ಪರವಾಗಿಲ್ಲ.

ಮೊದಲ ಭೇಟಿಯಲ್ಲಿ ಕ್ಯಾಮೆರಾ ಚೀಲದಲ್ಲೇ ಇರಲಿ. ‘ಅಮ್ಮಾ, ಯಾವೂರಿಂದ ಬಂದಿದ್ದೀರಿ, ಈ ಸಲ ಮಳೆ ಹೇಗಿತ್ತು’ ಎಂದು ಕೇಳಿ. ಹಲವರು ತಮಿಳುನಾಡು, ಆಂಧ್ರದ ಕಡೆಯಿಂದಲೂ ಬರುವುದರಿಂದ ನಾಲ್ಕು ಮಾತು ತಮಿಳು, ತೆಲುಗು ಬಂದರೆ ಅನುಕೂಲ. ನೀವು ಯಾರು, ಚಿತ್ರಗಳನ್ನು ಏಕೆ ತೆಗೆಯುತ್ತೀರಿ, ಎಲ್ಲಿ ಹಾಕುತ್ತೀರಿ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಿ. ಬೇಡವೆಂದವರನ್ನು ಮತ್ತೆ ಕೇಳಬಾರದು. ಕಡಲೆಕಾಯಿ ಕೊಳ್ಳುವುದಾದರೆ ತಿನ್ನಲು ಕೊಳ್ಳಿ. ಒಂದು ಸೇರು ಕೊಂಡ ಋಣಕ್ಕೆ ಅವರು ಕ್ಯಾಮೆರಾ ಮುಂದೆ ಕೂರಬೇಕೆಂಬ ಲೆಕ್ಕಾಚಾರ ಬೇಡ, ಹಣ ಕೊಟ್ಟು ಭಂಗಿ ಮಾಡಿಸುವುದಂತೂ ಖಂಡಿತ ಬೇಡ. ಮಕ್ಕಳ ಚಿತ್ರಕ್ಕೆ ಹೆತ್ತವರ ಒಪ್ಪಿಗೆ ಬೇಕು. ರಕ್ಷಣೆ ಮತ್ತು ಪೋಷಣೆಯ ಅಗತ್ಯವಿರುವ ಮಗುವಿನ ಗುರುತು ತಿಳಿಯುವಂಥ ಚಿತ್ರವನ್ನು ಪ್ರಕಟಿಸುವುದನ್ನು 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ನಿಷೇಧಿಸುತ್ತದೆ ಎಂಬುದೂ ನೆನಪಿರಲಿ.

ಒಂದೇ ರಾಶಿಯ ಮುಂದೆ ನಿಂತಾಗಲೂ ಬೇರೆ ಬೇರೆ ದೂರಗಳಿಂದ ನೋಡಬೇಕು. ದೂರದಿಂದ ರಸ್ತೆ, ಮರ, ಸಾಲು ಅಂಗಡಿಗಳ ನಡುವೆ ಈ ಕುಟುಂಬ ಎಲ್ಲಿ ಕೂತಿದೆ ಎಂಬುದು ಕಾಣಲಿ. ನಡುದೂರದಿಂದ ಕೆಲಸ ಕಾಣಲಿ: ಸೇರಿನಲ್ಲಿ ಅಳೆಯುವುದು, ಮೇಲೊಂದು ಹಿಡಿ ಕೊಸರು ಹಾಕುವುದು, ಗಿರಾಕಿಯ ಚೌಕಾಶಿ. ಹತ್ತಿರದಿಂದ ಕೈ, ಮಣ್ಣು ಮೆತ್ತಿದ ಕಾಯಿ, ಸೊಂಟಕ್ಕೆ ಸಿಕ್ಕಿಸಿದ ಹಣದ ಚೀಲ. ಇವಿಷ್ಟೂ ಸಿಕ್ಕಿದ ಮೇಲೂ ಹೊಸಬರು ಬಿಟ್ಟುಬಿಡುವುದು ಏನೂ ನಡೆಯದ ಹೊತ್ತನ್ನು. ಮಧ್ಯಾಹ್ನ ಗಿರಾಕಿಯಿಲ್ಲದಾಗ ಮೂಟೆಗೊರಗಿ ಮಲಗಿದವರು, ರಾತ್ರಿ ರಾಶಿಗೆ ಹೊದಿಕೆ ಹಾಕಿ ಕಾವಲು ಕೂತವರು ಪರಿಷೆಯ ಬಗ್ಗೆ ಹೇಳುವಷ್ಟನ್ನು ನೂಕುನುಗ್ಗಲಿನ ಚಿತ್ರಗಳು ಹೇಳುವುದಿಲ್ಲ.

ಇನ್ನು ನೋಟ್‌ಬುಕ್. ನನ್ನ ಲೆಕ್ಕದಲ್ಲಿ ಇದು ಕ್ಯಾಮೆರಾಗಿಂತ ಒಂದು ಕೈ ಮೇಲು. 1908ರಿಂದ ಅಮೆರಿಕದ ಬಾಲಕಾರ್ಮಿಕರನ್ನು ಚಿತ್ರಿಸಿದ ಲೂಯಿಸ್ ಹೈನ್, ಮಕ್ಕಳ ಎತ್ತರವನ್ನು ತನ್ನ ಅಂಗಿಯ ಗುಂಡಿಗಳಿಗೆ ಹೋಲಿಸಿ ಅಂದಾಜಿಸುತ್ತಿದ್ದ, ವಯಸ್ಸು, ಕೆಲಸದ ವಿವರಗಳನ್ನು ಜೇಬಿನೊಳಗೇ ಕೈಯಿಟ್ಟು ಗುಟ್ಟಾಗಿ ಬರೆದುಕೊಳ್ಳುತ್ತಿದ್ದ. ಆ ಚಿತ್ರಗಳು ಬಾಲಕಾರ್ಮಿಕ ಪದ್ಧತಿಯ ವಿರುದ್ಧದ ವಾದಕ್ಕೆ ಪುರಾವೆಯಾಗಿ ನಿಂತದ್ದರಲ್ಲಿ ಈ ಟಿಪ್ಪಣಿಗಳ ಪಾಲು ದೊಡ್ಡದು. ಇದಕ್ಕೆ ವಿರುದ್ಧವಾದ ಉದಾಹರಣೆ ಅಮೆರಿಕದ ಛಾಯಾಗ್ರಾಹಕಿ ಡೊರೊಥಿಯಾ ಲ್ಯಾಂಗ್ ಅವರದು. 1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೊಮೊದಲ್ಲಿ ಬಟಾಣಿ ಕೀಳುವ ಕೂಲಿಗಳ ಬಿಡಾರದಲ್ಲಿ ಅವರು ತೆಗೆದ ತಾಯಿಯ ಚಿತ್ರ ಜಗತ್ತಿಗೆಲ್ಲ ಗೊತ್ತು, ಆದರೆ ಅವರು ಆಕೆಯ ಹೆಸರನ್ನೇ ಕೇಳಿರಲಿಲ್ಲ. ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂಬ ಆ ಹೆಸರು ಹೊರಬಂದದ್ದು 1978ರಲ್ಲಿ. ಆ ಚಿತ್ರದಿಂದ ತನಗೆ ಬಿಡಿಗಾಸೂ ದಕ್ಕಲಿಲ್ಲವೆಂಬ ನೋವು ಆಕೆಗಿತ್ತು. ಆದ್ದರಿಂದ ಹೆಸರು, ಊರು, ದಿನಾಂಕ, ಅವರೇ ಆಡಿದ ಒಂದೆರಡು ಮಾತು ಇವನ್ನು ಅಲ್ಲೇ ಬರೆದುಕೊಳ್ಳಿ. ಹೆಸರು ಹಾಕಬಹುದೇ ಎಂದೂ ಕೇಳಿ. ಮುಂದಿನ ಭೇಟಿಗೆ ಒಂದು ಪ್ರಿಂಟ್ ಹಾಕಿಸಿಕೊಂಡು ಹೋಗಿ ಕೊಡಿ.

ಆರಿಸುವ ಕೆಲಸವನ್ನು ಅದೇ ರಾತ್ರಿ ಮಾಡಬೇಡಿ. ಕೆಲವು ದಿನ ಬಿಟ್ಟು, ಚಿಕ್ಕ ಪ್ರಿಂಟುಗಳನ್ನು ನೆಲದ ಮೇಲೆ ಹರಡಿ, ಒಂದೇ ಮಾತನ್ನು ಎರಡು ಸಲ ಹೇಳುವ ಚಿತ್ರಗಳಲ್ಲಿ ಒಂದನ್ನು ತೆಗೆಯುತ್ತಾ ಹೋದರೆ ಹತ್ತು ಹನ್ನೆರಡು ಉಳಿಯುತ್ತವೆ. ಬೆಳಕು, ಕಾಂಟ್ರಾಸ್ಟ್ ಸರಿಪಡಿಸುವುದು, ಅಂಚು ಕತ್ತರಿಸುವುದು ಸಲ್ಲುತ್ತದೆ. ಅಡ್ಡ ಬಂದ ವಿದ್ಯುತ್ ಕಂಬವನ್ನು ಅಳಿಸುವುದು, ಇಲ್ಲದ್ದನ್ನು ಸೇರಿಸುವುದು ಸಲ್ಲದು. ಪತ್ರಿಕಾ ಛಾಯಾಗ್ರಹಣದ ಅಂತಾರಾಷ್ಟ್ರೀಯ ಸ್ಪರ್ಧೆಯಾದ ವರ್ಲ್ಡ್ ಪ್ರೆಸ್ ಫೋಟೋದ ನಿಯಮವೂ ಇದೇ.

ನೆಲದ ಮೇಲೆ ಹರಡಿದ ಚಿತ್ರಗಳಲ್ಲಿ ಯಾವುದು ಇಲ್ಲವೆಂಬುದೂ ಆಗಲೇ ಗೊತ್ತಾಗುತ್ತದೆ. ಪರಿಷೆಯ ಕಥೆಯಲ್ಲಿ ಬಹುತೇಕ ಎಲ್ಲರಿಗೂ ಸಿಗದೆ ಉಳಿಯುವುದು ಹೊಲ. ಪರಿಚಯವಾದ ಕುಟುಂಬ ಸ್ವತಃ ಬೆಳೆಯುವವರಾಗಿದ್ದು, ಬರಲು ಒಪ್ಪಿಗೆ ಕೊಟ್ಟರೆ ಅವರ ಊರಿಗೆ ಹೋಗಿ: ಮಳೆಯಾಶ್ರಿತ ಕಡಲೆಕಾಯಿಯ ಬಿತ್ತನೆ ಜೂನ್, ಜುಲೈನಲ್ಲಿ, ಗಿಡ ಕೀಳುವುದು ಅಕ್ಟೋಬರ್, ನವೆಂಬರ್‌ನಲ್ಲಿ. ಕೀಳುವ ದಿನ ಹೊರಡುವ ಮೊದಲು ಫೋನ್ ಮಾಡಿ ಕೇಳಿಕೊಳ್ಳಿ, ಮಳೆ ನೋಡಿಕೊಂಡು ಅವರು ದಿನ ಬದಲಿಸುವುದುಂಟು.